ದೂರದ ವಿಮಾನಯಾನ ಮತ್ತು ಮೈಲುಗಳ ಲೆಕ್ಕ

ನಮ್ಮ ಹಿರಿಯರ ಕಾಲದಲ್ಲಿ ದೂರದ ಪ್ರಯಾಣವೆಂದರೆ ಶ್ರೀಶೈಲ, ಕೂಡಲಸಂಗಮ, ಹೆಚ್ಚೆಂದರೆ ಕಾಶಿ. ಇಂದು ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಯ ಅಡಿಕೆ ತೋಟದ ಮನೆಗಳಿಂದ ಹಿರಿಯ ದಂಪತಿಗಳು ಅಮೆರಿಕೆಗೋ, ಇಂಗ್ಲೆಂಡಿಗೋ, ಆಸ್ಟ್ರೇಲಿಯಾಕ್ಕೋ ಹೊರಡುವುದು ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಮಗಳ ಬಾಣಂತನ, ಮೊಮ್ಮಗುವಿನ ಲಿಂಗಧಾರಣೆ, ಮಗನ ಹೊಸ ಮನೆಯ ಪ್ರವೇಶ, ಹೀಗೆ ಎರಡು ಮೂರು ವರ್ಷಗಳಿಗೊಮ್ಮೆ ಒಂದು ಕರೆ ಬರುತ್ತದೆ. 2023ರ ಫೆಬ್ರವರಿ 27ರಂದು ಶಿವಮೊಗ್ಗದ ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಗೊಂಡು, ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಿಮಾನ ಬಂದಿಳಿದ ಮೇಲಂತೂ ವಿಮಾನದ ಮಾತು ನಮ್ಮ ಜಗಲಿಯ ಮಾತೇ ಆಗಿದೆ.

ಹೀಗೆ ಹೊರಡುವ ಹಿರಿಯರು ನಮ್ಮನ್ನು ಆಗಾಗ ಕೇಳುವ ಪ್ರಶ್ನೆಯೊಂದುಂಟು: “ವಿಮಾನ ಕಂಪನಿಯವರು ಮೈಲು, ಪಾಯಿಂಟ್ ಎಂದು ಕೊಡುತ್ತಾರಂತೆ. ಅಪರೂಪಕ್ಕೆ ಹಾರುವ ನಮ್ಮಂಥವರು ಯಾವ ಕಂಪನಿಯ ಯೋಜನೆಗೆ ಸೇರುವುದು ಲೇಸು?” ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಅದನ್ನು ಸಣ್ಣದೆಂದು ಬಗೆದು ನಾವು ತೆತ್ತ ಬೆಲೆಯನ್ನು ಮೊದಲು ನಿವೇದಿಸಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ಮಗಳ ಚೊಚ್ಚಲ ಬಾಣಂತನಕ್ಕೆಂದು ನಾವು ದಂಪತಿಗಳು ಅಮೆರಿಕೆಗೆ ಹೋಗಿದ್ದೆವು. ಹೋಗುವಾಗ ಒಂದು ಕಂಪನಿ, ಬರುವಾಗ ಇನ್ನೊಂದು. ಟಿಕೆಟ್ ಕೊಡಿಸಿದ ಏಜೆಂಟರ ಮಾತಿನಂತೆ ಮೊದಲನೆಯ ಕಂಪನಿಯ ಯೋಜನೆಗೆ ಹೆಸರು ಬರೆಸಿದೆವು. ಬರುವಾಗಿನ ಪ್ರಯಾಣಕ್ಕೆ ಏನನ್ನೂ ಮಾಡಲಿಲ್ಲ. ಊರಿಗೆ ಬಂದ ಮೇಲೆ ಬೋರ್ಡಿಂಗ್ ಪಾಸಿನ ತುಂಡುಗಳು ಅಡಿಕೆ ಸಿಪ್ಪೆಯೊಂದಿಗೆ ಬಚ್ಚಲ ಒಲೆಗೆ ಹೋದವು. ಮೂರೂವರೆ ವರ್ಷದ ಬಳಿಕ ಎರಡನೆಯ ಮೊಮ್ಮಗುವಿನ ಲಿಂಗಧಾರಣೆಗೆ ಕರೆ ಬಂದಿತು. ಆ ವರ್ಷ ಕೊಳೆ ರೋಗದಿಂದ ಫಸಲು ಅರ್ಧಕ್ಕರ್ಧ ನೆಲಕ್ಕೆ ಉದುರಿತ್ತು. ಅಳಿಯಂದಿರು ತಮ್ಮ ಖಾತೆಯ ಮೈಲುಗಳಿಂದಲೇ ನಮ್ಮಿಬ್ಬರಿಗೂ ಟಿಕೆಟ್ ಮಾಡಿಸುವೆನೆಂದರು. ಲೆಕ್ಕ ಹಾಕಿದಾಗ ಎರಡನೆಯ ಟಿಕೆಟಿಗೆ ಸ್ವಲ್ಪವೇ ಕಡಿಮೆ ಬಿದ್ದಿತು. ನಮ್ಮ ಮೈಲುಗಳನ್ನು ಸೇರಿಸೋಣವೆಂದರೆ ಅವು ಬೇರೆ ಕಂಪನಿಯವು. ಸಾಲದ್ದಕ್ಕೆ ಮೂರು ವರ್ಷ ತುಂಬಿ ಅಷ್ಟೂ ಅಳಿಸಿಹೋಗಿದ್ದವು. ನಮ್ಮ ಮನೆಯವರೊಬ್ಬರೇ ಹೊರಟರು. ಮೊಮ್ಮಗುವಿನ ಕೊರಳಿಗೆ ಲಿಂಗ ಕಟ್ಟಿದ್ದನ್ನು ನಾವು ಫೋನಿನ ಪರದೆಯ ಮೇಲೆ ಕಂಡೆವು. ತಪ್ಪು ಕಂಪನಿಯದಲ್ಲ, ನಿಯಮವನ್ನು ಓದದ ನಮ್ಮದು.

ಈ ಪದ್ಧತಿಯ ಹುಟ್ಟನ್ನು ಅರಿತರೆ ಅದರ ಮರ್ಮವೂ ತಿಳಿಯುತ್ತದೆ. 1978ರಲ್ಲಿ ಅಮೆರಿಕದ ಸರ್ಕಾರವು ಒಳನಾಡಿನ ವಿಮಾನ ದರಗಳ ಮೇಲಿನ ಹತೋಟಿಯನ್ನು ಸಡಿಲಿಸಿದ ಮೇಲೆ ಕಂಪನಿಗಳ ನಡುವೆ ಪೈಪೋಟಿ ಹೆಚ್ಚಿತು. ಬಂದ ಗಿರಾಕಿಯನ್ನು ಕಟ್ಟಿಹಾಕಿಕೊಳ್ಳಲು ಅಮೆರಿಕನ್ ಏರ್‌ಲೈನ್ಸ್ ಸಂಸ್ಥೆಯು 1981ರ ಮೇ 1ರಂದು ಹಾರಿದಷ್ಟು ಮೈಲುಗಳನ್ನು ಪ್ರಯಾಣಿಕರ ಹೆಸರಿಗೆ ಜಮಾ ಮಾಡುವ ಯೋಜನೆಯನ್ನು ಆರಂಭಿಸಿತು. ‘ಮೈಲು’ ಎಂಬ ಹೆಸರು ಉಳಿದದ್ದು ಹಾಗೆ. ಆದರೆ 2015ರಲ್ಲಿ ಡೆಲ್ಟಾ ಮತ್ತು ಯುನೈಟೆಡ್ ಕಂಪನಿಗಳು ದೂರವನ್ನು ಬಿಟ್ಟು, ತೆತ್ತ ಹಣಕ್ಕೆ ತಕ್ಕಂತೆ ಮೈಲು ಕೊಡಲಾರಂಭಿಸಿದವು. ಬೇರೆ ಹಲವು ಕಂಪನಿಗಳೂ ಇದೇ ಹಾದಿಯನ್ನು ಹಿಡಿದಿವೆ. ಅಗ್ಗದ ಟಿಕೆಟ್ ಕೊಂಡು ಅರ್ಧ ಭೂಮಂಡಲ ಸುತ್ತಿದರೂ ಜಮೆ ಅಲ್ಪವೇ ಎಂಬುದನ್ನು ನಾವು ಮೊದಲು ಮನಗಾಣಬೇಕು.

ಅಡಿಕೆ ಬೆಳೆಗಾರರಿಗೆ ಇದನ್ನು ಹೀಗೆ ಹೇಳಬಹುದು. ಮಂಡಿಯಲ್ಲಿಟ್ಟ ಅಡಿಕೆ ನಮ್ಮದು. ಧಾರಣೆ ಬಂದಾಗ ಮಾರುವ ಸ್ವಾತಂತ್ರ್ಯವೂ ನಮ್ಮದು. ಕಂಪನಿಯಲ್ಲಿಟ್ಟ ಮೈಲು ಹಾಗಲ್ಲ. ಅದರ ಧಾರಣೆಯನ್ನು ಕಟ್ಟುವವರೂ, ಗಡುವನ್ನು ಹಾಕುವವರೂ ಕಂಪನಿಯವರೇ. ಇಂದು ಇಷ್ಟು ಮೈಲಿಗೆ ಸಿಗುವ ಟಿಕೆಟಿಗೆ ಮುಂದಿನ ವರ್ಷ ಅದಕ್ಕಿಂತ ಹೆಚ್ಚು ಕೇಳಬಹುದು. ಆದ್ದರಿಂದ ಮೈಲುಗಳನ್ನು ಆಸ್ತಿಯೆಂದು ಬಗೆದು ಕೂಡಿಡಲಾಗದು. 2012ರ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಸಂಸ್ಥೆಯ ಹಾರಾಟ ನಿಂತಾಗ, ಅದರ ಮೈಲುಗಳನ್ನು ಕೂಡಿಟ್ಟವರಿಗೆ ಹತ್ತಲು ಆ ಕಂಪನಿಯ ವಿಮಾನವೇ ಉಳಿಯಲಿಲ್ಲ. ಎಲ್ಲರಿಗೂ ಹೀಗಾಗುತ್ತದೆಂದಲ್ಲ. 2024ರ ನವೆಂಬರ್ 12ರಂದು ವಿಸ್ತಾರಾ ಸಂಸ್ಥೆಯು ಏರ್ ಇಂಡಿಯಾದಲ್ಲಿ ವಿಲೀನಗೊಂಡಾಗ ಅದರ ಸದಸ್ಯರ ಪಾಯಿಂಟುಗಳು ಏರ್ ಇಂಡಿಯಾದ ಯೋಜನೆಗೆ ಸೇರಿದವು. ಆ ಯೋಜನೆಗೆ ಈಗ ‘ಮಹಾರಾಜಾ ಕ್ಲಬ್’ ಎಂದು ಹೆಸರು.

ಇನ್ನು ಆಯ್ಕೆಯ ವಿಚಾರ. ವಿಮಾನ ಕಂಪನಿಗಳು ಬಹುತೇಕ ಮೂರು ಕೂಟಗಳಾಗಿ ಹಂಚಿಹೋಗಿವೆ. 1997ರಲ್ಲಿ ಹುಟ್ಟಿದ ಸ್ಟಾರ್ ಅಲಯನ್ಸ್ ಕೂಟದಲ್ಲಿ ಲುಫ್ತಾನ್ಸಾ, ಯುನೈಟೆಡ್, ಸಿಂಗಪುರ ಏರ್‌ಲೈನ್ಸ್ ಮತ್ತು 2014ರಿಂದ ನಮ್ಮ ಏರ್ ಇಂಡಿಯಾ ಇವೆ. 1999ರ ಒನ್‌ವರ್ಲ್ಡ್ ಕೂಟದಲ್ಲಿ ಬ್ರಿಟಿಷ್ ಏರ್‌ವೇಸ್, ಕತಾರ್, ಅಮೆರಿಕನ್, ಕ್ವಾಂಟಾಸ್ ಇವೆ. 2000ದ ಸ್ಕೈಟೀಮ್ ಕೂಟದಲ್ಲಿ ಏರ್ ಫ್ರಾನ್ಸ್, ಕೆಎಲ್ಎಂ, ಡೆಲ್ಟಾ ಇವೆ. ದುಬೈಯ ಎಮಿರೇಟ್ಸ್ ಯಾವ ಕೂಟಕ್ಕೂ ಸೇರಿಲ್ಲ. ಒಂದು ಕೂಟದ ಯಾವ ಕಂಪನಿಯಲ್ಲಿ ಹಾರಿದರೂ ಅದೇ ಕೂಟದ ಇನ್ನೊಂದು ಕಂಪನಿಯ ಖಾತೆಗೆ ಮೈಲುಗಳನ್ನು ಜಮಾ ಮಾಡಿಸಬಹುದು. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಲುಫ್ತಾನ್ಸಾ, ಅಲ್ಲಿಂದ ಷಿಕಾಗೋಗೆ ಯುನೈಟೆಡ್ ಎಂದಾದರೆ ಎರಡೂ ಒಂದೇ ಖಾತೆಗೆ ಸೇರುತ್ತವೆ. ತೀರಾ ಅಗ್ಗದ ಕೆಲವು ಟಿಕೆಟುಗಳಿಗೆ ಜಮೆಯೇ ಇರುವುದಿಲ್ಲವಾದ್ದರಿಂದ ಕೊಳ್ಳುವ ಮೊದಲು ಕೇಳಿ ತಿಳಿಯಬೇಕು. ಹತ್ತು ಕಂಪನಿಗಳಲ್ಲಿ ಹತ್ತು ಖಾತೆ ತೆರೆದು ಎಲ್ಲದರಲ್ಲೂ ಚಿಲ್ಲರೆ ಉಳಿಸಿಕೊಳ್ಳುವುದಕ್ಕಿಂತ ಒಂದು ಕೂಟವನ್ನು ನೆಚ್ಚಿಕೊಳ್ಳುವುದು ವಿವೇಕ.

ಯಾವ ಕೂಟ? ನಮ್ಮ ಉತ್ತರ ಸರಳವಾದುದು: ಮಕ್ಕಳ ಖಾತೆ ಎಲ್ಲಿದೆಯೋ ಹಿರಿಯರ ಖಾತೆಯೂ ಅಲ್ಲಿಯೇ ಇರಲಿ. ಎರಡು ಮೂರು ವರ್ಷಕ್ಕೊಮ್ಮೆ ಹಾರುವ ನಮ್ಮ ಜಮೆಯೊಂದರಿಂದಲೇ ಸಾಗರದಾಚೆಯ ಟಿಕೆಟ್ ಹುಟ್ಟುವುದು ಕಷ್ಟ. ಉದ್ಯೋಗದ ನಿಮಿತ್ತ ತಿರುಗಾಡುವ ಮಗನದೋ ಅಳಿಯನದೋ ಖಾತೆ ತುಂಬಿರುತ್ತದೆ. ಅದಕ್ಕೆ ನಮ್ಮ ಅಲ್ಪವೂ ಸೇರಿದರೆ ಒಂದು ಟಿಕೆಟಿನ ಕೊರತೆ ನೀಗಬಹುದು. ಕೆಲವು ಕಂಪನಿಗಳು ಇದಕ್ಕೆ ಅವಕಾಶ ಮಾಡಿಕೊಟ್ಟಿವೆ. ಎಮಿರೇಟ್ಸ್‌ನಲ್ಲಿ ಒಂದು ಕುಟುಂಬದ ಎಂಟು ಮಂದಿ ತಮ್ಮ ಮೈಲುಗಳನ್ನು ಒಂದೆಡೆ ಕೂಡಿಸಬಹುದು. ಯುನೈಟೆಡ್‌ನಲ್ಲಿ 2024ರಿಂದ ಐದು ಮಂದಿಯವರೆಗೆ ಕೂಡಿಸಬಹುದು. ಅವಿಭಕ್ತ ಕುಟುಂಬದ ಪದ್ಧತಿಯನ್ನು ಬಲ್ಲ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಆದರೆ ಒಂದು ಮಾತು ನೆನಪಿರಲಿ. ಹಣ ಕೊಟ್ಟವರು ಮಕ್ಕಳಾದರೂ ಮೈಲು ಜಮೆಯಾಗುವುದು ಹಾರಿದವರ ಹೆಸರಿಗೆ. ಆದ್ದರಿಂದ ಯಜಮಾನರಿಗೂ ಮನೆಯವರಿಗೂ ಬೇರೆ ಬೇರೆ ಸದಸ್ಯತ್ವ ಬೇಕು. ಅದಕ್ಕೆ ಶುಲ್ಕವಿಲ್ಲ.

ಎರಡನೆಯದಾಗಿ ವಿಚಾರಿಸಬೇಕಾದದ್ದು ಗಡುವು. ಅಪರೂಪಕ್ಕೆ ಹಾರುವವರಿಗೆ ಎಷ್ಟು ಮೈಲು ಕೊಡುತ್ತಾರೆ ಎಂಬುದಕ್ಕಿಂತ ಎಷ್ಟು ಕಾಲ ಉಳಿಸುತ್ತಾರೆ ಎಂಬುದೇ ಮುಖ್ಯ. ಡೆಲ್ಟಾದಲ್ಲಿಯೂ, 2019ರಿಂದ ಯುನೈಟೆಡ್‌ನಲ್ಲಿಯೂ ಮೈಲುಗಳಿಗೆ ಗಡುವಿಲ್ಲ. ಸಿಂಗಪುರ, ಎಮಿರೇಟ್ಸ್, ಲುಫ್ತಾನ್ಸಾಗಳ ಯೋಜನೆಗಳಲ್ಲಿ ಸಾಮಾನ್ಯ ಸದಸ್ಯರಿಗೆ ಸುಮಾರು ಮೂರು ವರ್ಷ. ಬ್ರಿಟಿಷ್ ಏರ್‌ವೇಸ್‌ನಲ್ಲಿ 36 ತಿಂಗಳು, ಕ್ವಾಂಟಾಸ್‌ನಲ್ಲಿ 18 ತಿಂಗಳು ಖಾತೆಯಲ್ಲಿ ಯಾವ ವ್ಯವಹಾರವೂ ನಡೆಯದಿದ್ದರೆ ಜಮೆ ಅಳಿದುಹೋಗುತ್ತದೆ. ನಡುವೆ ಒಂದು ಸಣ್ಣ ವ್ಯವಹಾರ ನಡೆದರೂ ಗಡುವು ಮುಂದಕ್ಕೆ ಹೋಗುತ್ತದೆ. ಇವು ಬದಲಾಗುವ ನಿಯಮಗಳಾದ್ದರಿಂದ ಸೇರುವ ದಿನ ಮತ್ತೊಮ್ಮೆ ಓದಿಕೊಳ್ಳಬೇಕು. ಗಡುವಿನ ದಿನಾಂಕವನ್ನು ತೋಟದ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟರೆ ಉತ್ತಮ.

ಮೂರನೆಯದು, ಮೈಲಿನ ಆಸೆಗೆ ವಿಮಾನವನ್ನು ಆರಿಸಬಾರದು. ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಹಿಡಿಯೋಣ. 12,000 ರೂಪಾಯಿಯ ಟಿಕೆಟನ್ನು 10,000 ಮೈಲು ಹಾಗೂ 3,000 ರೂಪಾಯಿ ತೆರಿಗೆಗೆ ಕೊಡುತ್ತಾರೆಂದರೆ ಉಳಿದದ್ದು 9,000 ರೂಪಾಯಿ. ಮೈಲೊಂದಕ್ಕೆ 90 ಪೈಸೆ ಬಿದ್ದಂತಾಯಿತು. ಈಗ 5,000 ಮೈಲು ಹೆಚ್ಚು ಸಿಗುವುದೆಂದು 8,000 ರೂಪಾಯಿ ಹೆಚ್ಚು ತೆತ್ತು ಟಿಕೆಟ್ ಕೊಂಡರೆ, ಕೈಗೆ ಬಂದದ್ದು 4,500, ಕೈಬಿಟ್ಟದ್ದು 8,000. ಮೈಲಿನಿಂದ ಪಡೆದ ಟಿಕೆಟಿಗೂ ತೆರಿಗೆ ಮತ್ತಿತರ ಶುಲ್ಕಗಳನ್ನು ಕೊಡಬೇಕೆಂಬುದನ್ನು ಅನೇಕರು ಮರೆಯುತ್ತಾರೆ. ಹಣಕ್ಕಿಂತ ಮಿಗಿಲಾದ ಲೆಕ್ಕ ದೇಹದ್ದು. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ದೇವನಹಳ್ಳಿ ಸೇರಿ, ಮತ್ತೆ ಯಾವುದೋ ನಿಲ್ದಾಣದಲ್ಲಿ ಒಂಬತ್ತು ಗಂಟೆ ಕಾಯುವ ಮಾರ್ಗವು ಎಪ್ಪತ್ತರ ಮಂಡಿಗಳಿಗೆ ಅಗ್ಗವಲ್ಲ. ಮೊದಲು ಮಾರ್ಗ, ಆಮೇಲೆ ದರ, ಕಡೆಗೆ ಮೈಲು; ಇದು ಸರಿಯಾದ ಕ್ರಮ.

ಮೈಲಿನ ಟಿಕೆಟುಗಳಿಗೆ ಮೀಸಲಾದ ಸೀಟುಗಳು ಶಾಲೆಗಳ ರಜೆಯಲ್ಲಿಯೂ ಕ್ರಿಸ್‌ಮಸ್ ಹೊತ್ತಿನಲ್ಲಿಯೂ ಸಿಗುವುದು ಕಷ್ಟ. ಕೊಯ್ಲು ಮುಗಿದು, ಶಿವರಾತ್ರಿ ಕಳೆದು, ಮಳೆಗೆ ಮುನ್ನ ಬೋರ್ಡೋ ಸಿಂಪಡಣೆಯ ಕೆಲಸ ತಗಲುವವರೆಗಿನ ನಮ್ಮ ಬಿಡುವಿನಲ್ಲಿ ಅಷ್ಟು ನೂಕುನುಗ್ಗಲಿರುವುದಿಲ್ಲ. ಬಾಣಂತನಕ್ಕೆ ಕಾಲದ ಆಯ್ಕೆಯಿಲ್ಲ. ಉಳಿದ ಪ್ರಯಾಣಗಳನ್ನಾದರೂ ತಿಂಗಳುಗಳ ಮೊದಲೇ ನಿಶ್ಚಯಿಸಬಹುದು.

ಕೊನೆಯದಾಗಿ ಕೆಲವು ಕಿವಿಮಾತುಗಳು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಎಂದು ಇನಿಷಿಯಲ್‌ಗಳು ಹಲವು. ಪಾಸ್‌ಪೋರ್ಟಿನಲ್ಲಿ ಹೆಸರು ಹೇಗಿದೆಯೋ ಅಕ್ಷರಶಃ ಹಾಗೆಯೇ ಸದಸ್ಯತ್ವದಲ್ಲಿಯೂ ಟಿಕೆಟಿನಲ್ಲಿಯೂ ಇರಬೇಕು. ಇಲ್ಲವಾದರೆ ಮೈಲು ಜಮೆಯಾಗುವುದಿಲ್ಲ. ಸದಸ್ಯತ್ವದ ಸಂಖ್ಯೆಯನ್ನು ಟಿಕೆಟ್ ಮಾಡಿಸುವಾಗಲೇ ಕೊಡಬೇಕು. ಮೈಲುಗಳು ಖಾತೆಗೆ ಬಂದದ್ದನ್ನು ಕಣ್ಣಾರೆ ಕಾಣುವವರೆಗೆ ಬೋರ್ಡಿಂಗ್ ಪಾಸನ್ನು ಜೋಪಾನ ಮಾಡಬೇಕು. ಬಾರದಿದ್ದರೆ ಕೇಳಿ ಪಡೆಯಲು ಕಾಲಮಿತಿಯುಂಟು.

ಸದಸ್ಯತ್ವದ ಖಾತೆಯಲ್ಲಿ ಊಟದ ಆಯ್ಕೆಯನ್ನೂ ಬರೆಸಿಡುವ ಅನುಕೂಲ ಹಲವೆಡೆ ಇದೆ. ಇಲ್ಲಿ ನಮ್ಮವರು ಎಚ್ಚರ ವಹಿಸಬೇಕು. ‘ಹಿಂದೂ ಮೀಲ್’ ಎಂದರೆ ಸಸ್ಯಾಹಾರವೆಂದು ಭಾವಿಸಬಾರದು, ಅದರಲ್ಲಿ ಮಾಂಸವಿರಬಹುದು. ನಮಗೆ ಬೇಕಾದದ್ದು ‘ಏಷ್ಯನ್ ವೆಜಿಟೇರಿಯನ್’ ಅಥವಾ ‘ಇಂಡಿಯನ್ ವೆಜಿಟೇರಿಯನ್’ ಎಂಬ ಹೆಸರಿನ ಊಟ. ಈರುಳ್ಳಿ ಬೆಳ್ಳುಳ್ಳಿಯೂ ಬೇಡವೆಂಬವರು ಜೈನ ಊಟವನ್ನು ಕೇಳಬಹುದು. ಖಾತೆಯಲ್ಲಿ ಬರೆಸಿದ್ದರೂ ಹೊರಡುವ ಮುನ್ನ ಟಿಕೆಟಿನಲ್ಲಿ ದಾಖಲಾಗಿದೆಯೇ ಎಂದು ನೋಡಿಕೊಳ್ಳಬೇಕು. ನಡೆಯಲಾಗದ ಹಿರಿಯರಿಗೆ ಗಾಲಿಕುರ್ಚಿಯ ನೆರವು ದೊರೆಯಲು ಯಾವ ಯೋಜನೆಯ ಸದಸ್ಯತ್ವವೂ ಬೇಡ. ಟಿಕೆಟ್ ಕಾಯ್ದಿರಿಸುವಾಗಲೇ ಕೇಳಿಕೊಂಡರಾಯಿತು.

“ತಮ್ಮ ಪಾಯಿಂಟುಗಳು ಇಂದೇ ಅಳಿದುಹೋಗುತ್ತವೆ, ಫೋನಿಗೆ ಬಂದ ಒಟಿಪಿ ಹೇಳಿ” ಎಂದು ಯಾರಾದರೂ ಕರೆ ಮಾಡಿದರೆ ಉತ್ತರಿಸದೆ ಫೋನ್ ಇಟ್ಟುಬಿಡಿರಿ. ಮೈಲು ಹೋದರೆ ಹೋಗಲಿ, ಬ್ಯಾಂಕಿನ ಹಣ ಉಳಿಯಬೇಕು.

ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯ ಮುಂದೆ ನಿಂತು ಕೈಮುಗಿಯಬೇಕೆಂಬ ಹಂಬಲ ನಮ್ಮ ಓದುಗರಲ್ಲಿ ಅನೇಕರಿಗೆ ಇದ್ದೀತು. ಮೊಮ್ಮಕ್ಕಳ ಕೈಹಿಡಿದು ನಡೆಯುವ ಆಸೆ ಅದಕ್ಕೂ ಮಿಗಿಲು. ನಮ್ಮ ಮನೆಯಲ್ಲಿ ಈಗ ಇಬ್ಬರ ಖಾತೆಗಳೂ ಮಗಳು ಅಳಿಯಂದಿರ ಖಾತೆಯೊಂದಿಗೆ ಒಂದೇ ಕೂಟದಲ್ಲಿವೆ. ಸದಸ್ಯತ್ವದ ಸಂಖ್ಯೆಗಳನ್ನು ಪಾಸ್‌ಪೋರ್ಟಿನ ಚೀಲದಲ್ಲಿಯೇ ಬರೆದಿಟ್ಟಿದ್ದೇವೆ. ತಾವೂ ಈ ಭಾನುವಾರ ಮಕ್ಕಳೊಡನೆ ಮಾತನಾಡುವಾಗ “ನಿಮ್ಮ ಮೈಲುಗಳು ಯಾವ ಕಂಪನಿಯಲ್ಲಿವೆ?” ಎಂದು ಒಮ್ಮೆ ಕೇಳಿ ನೋಡಿರಿ. ಮುಂದಿನ ಕರೆ ಬಂದಾಗ ಇಬ್ಬರೂ ಕೂಡಿಯೇ ಹೊರಡುವಂತಾಗಲಿ.