ಲಿಖಿತ ಆದೇಶವಿಲ್ಲದೆ ಸರ್ವರ್ ನಿಲ್ಲಿಸುವುದಿಲ್ಲ: ಹೋಸ್ಟಿಂಗ್ ನೌಕರರ ಹಕ್ಕೊತ್ತಾಯ ಪತ್ರ

ಹೋಸ್ಟಿಂಗ್ ಮತ್ತು ಕ್ಲೌಡ್ ಕಂಪನಿಗಳ ಆಡಳಿತ ಮಂಡಳಿಗಳಿಗೆ,
ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯಕ್ಕೆ,



ಬೆಂಗಳೂರಿನಲ್ಲಿ ಕುಳಿತು ಹೊರದೇಶದ ಗ್ರಾಹಕರ ಜಾಲತಾಣಗಳನ್ನು ನೋಡಿಕೊಳ್ಳುವ ಸಪೋರ್ಟ್ ಮತ್ತು ಕಂಪ್ಲಯನ್ಸ್ ನೌಕರರು ನಾವು. ಆರ್ಥಿಕ ನಿರ್ಬಂಧದ ಹೆಸರಿನಲ್ಲಿ ಯಾವ ಅಕೌಂಟ್ ಉಳಿಯಬೇಕು, ಯಾವುದು ಹೋಗಬೇಕು ಎಂಬ ತೀರ್ಮಾನ ಬೇರೆಲ್ಲೋ ಆಗುತ್ತದೆ. ಸಸ್ಪೆಂಡ್ ಮಾಡುವ ಕೈ ಮಾತ್ರ ನಮ್ಮದು. ನಿರ್ಬಂಧಗಳನ್ನು ಮುರಿಯಿರಿ ಎಂದು ನಾವು ಕೇಳುತ್ತಿಲ್ಲ. ಆಳುವವರಿಗೆ ಬೀಳಬೇಕಾದ ಏಟು ಜನರಿಗೆ ಬೀಳುತ್ತಿದೆ ಎಂಬುದೇ ನಮ್ಮ ತಕರಾರು.

1. ದೇಶದ ಹೆಸರು ನೋಡಿ ಬಾಗಿಲು ಹಾಕಬೇಡಿ, ನಿರ್ಬಂಧ ಪಟ್ಟಿ ಓದಿ. ಅಮೆರಿಕ 2003ರಲ್ಲಿ ಜಿಂಬಾಬ್ವೆ ವಿಚಾರದಲ್ಲಿ ಹೇರಿದ ನಿರ್ಬಂಧ ಆಗಿನ ಅಧ್ಯಕ್ಷ ರಾಬರ್ಟ್ ಮುಗಾಬೆ ಮತ್ತು ಅವರ ಬಳಗದಲ್ಲಿ ಹೆಸರಿಸಲಾದವರಿಗಷ್ಟೇ ಸಂಬಂಧಿಸಿತ್ತು, ಇಡೀ ದೇಶಕ್ಕಲ್ಲ. ಆದರೂ 2009ರಲ್ಲಿ ಅಮೆರಿಕದ ಒಂದು ಹೋಸ್ಟಿಂಗ್ ಕಂಪನಿ ನಿರ್ಬಂಧದ ಕಾರಣ ಕೊಟ್ಟು ‘ಕುಬಟಾನಾ’ ಜಾಲತಾಣವನ್ನು ಹೊರಗೆ ಕಳಿಸಿತು. ಅದು ಜಿಂಬಾಬ್ವೆಯ ನಾಗರಿಕ ಹಕ್ಕುಗಳ ಸಂಘಟನೆಗಳು ಮಾತಾಡುತ್ತಿದ್ದ ತಾಣ. ಮುಗಾಬೆಯನ್ನು ಕಟ್ಟಿಹಾಕಲು ಮಾಡಿದ ಕಾನೂನು ಅವರನ್ನು ಪ್ರಶ್ನಿಸುತ್ತಿದ್ದವರನ್ನೇ ಬೀದಿಗೆ ತಳ್ಳಿತು. ಪಟ್ಟಿಯ ಯಾವ ಹೆಸರಿಗೆ, ಯಾವ ನಿಯಮದಡಿ ಈ ಕ್ರಮ ಎಂಬುದು ಪ್ರತಿ ಅಕೌಂಟಿನ ಕಡತದಲ್ಲಿ ಬರಹದಲ್ಲಿರಬೇಕು.

2. ಪಟ್ಟಿಯಲ್ಲಿ ಇರುವವರ ವಿಷಯದಲ್ಲಿ ಕಣ್ಣು ಮುಚ್ಚಿ ಕೂರಬೇಡಿ. ಸಿರಿಯಾದಲ್ಲಿ ಪ್ರತಿಭಟನಕಾರರ ಮೇಲೆ ಗುಂಡು ಹಾರುತ್ತಿದ್ದ 2011ರಲ್ಲೇ, ಅಲ್ಲಿನ ಸರ್ಕಾರದ ಜಾಲತಾಣಗಳು ಕೆನಡಾದ ಸರ್ವರ್‌ಗಳಲ್ಲಿ ನಿಶ್ಚಿಂತೆಯಿಂದ ನಡೆಯುತ್ತಿರುವುದನ್ನು ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ ಬಯಲಿಗೆಳೆಯಿತು. ಸರ್ವರ್ ಒಬ್ಬರದು, ಬಾಡಿಗೆಗೆ ಪಡೆದವರು ಇನ್ನೊಬ್ಬರು, ಒಳಬಾಡಿಗೆಗೆ ಬಂದವರು ಮತ್ತೊಬ್ಬರು. ಬಿಲ್ ಕಟ್ಟಿದ ರೀಸೆಲರ್ ಹೆಸರು ನೋಡಿ ನಾವು ಸುಮ್ಮನಾಗುತ್ತೇವೆ. ಕೊನೆಯ ಗ್ರಾಹಕ ಯಾರೆಂದು ತಿಳಿಸುವ ಹೊಣೆಯನ್ನು ರೀಸೆಲರ್ ಒಪ್ಪಂದದಲ್ಲೇ ಬರೆಯಿಸಿ. ಸಣ್ಣ ಸಂಘಟನೆಯೊಂದನ್ನು ಒಂದೇ ದಿನದಲ್ಲಿ ಹುಡುಕಿ ತೆಗೆಯುವ ಕಂಪನಿಗೆ ಒಂದು ಸಚಿವಾಲಯ ಕಾಣಿಸುವುದಿಲ್ಲವೆಂದರೆ ನಾವು ನಂಬುವುದಿಲ್ಲ.

3. ಸರ್ಕಾರಿ ನಂಟಿನ ತಾಣಗಳೆಲ್ಲ ಒಂದೇ ಅಲ್ಲ. ಸೇನೆಯ ಪ್ರಚಾರ ತಾಣ ಬೇರೆ. ಸರ್ಕಾರಿ ಆಸ್ಪತ್ರೆಯ ಸರದಿ ಪಟ್ಟಿ, ವಿಶ್ವವಿದ್ಯಾಲಯದ ಫಲಿತಾಂಶ, ಜನನ ಪ್ರಮಾಣಪತ್ರದ ಅರ್ಜಿ ಬೇರೆ. ಎರಡನೆಯ ಬಗೆಯವನ್ನು ಮುಟ್ಟುವ ಮುನ್ನ, ಕಾನೂನು ಬಿಡುವ ಮಟ್ಟಿಗೆ, 30 ದಿನಗಳ ನೋಟಿಸ್ ಮತ್ತು ಪೂರ್ತಿ ಬ್ಯಾಕಪ್ ಕೊಡಿ.

4. ಅನುಮತಿ ಕೇಳುವ ಶ್ರಮ ತೆಗೆದುಕೊಳ್ಳಿ. ಅಮೆರಿಕದ ನಿರ್ಬಂಧ ನಿಯಮ ಮುರಿದರೆ ಒಂದೊಂದು ಉಲ್ಲಂಘನೆಗೂ 3.5 ಲಕ್ಷ ಡಾಲರ್ ಮೀರಿ ದಂಡ ಬೀಳಬಹುದು. ಕಂಪನಿಗಳ ಭಯ ನಮಗೆ ಅರ್ಥವಾಗುತ್ತದೆ. ಆದರೆ 2019ರಲ್ಲಿ ಇರಾನ್, ಸಿರಿಯಾ, ಕ್ರೈಮಿಯಾದ ಬಳಕೆದಾರರ ಮೇಲೆ ಮಿತಿ ಹೇರಿದ್ದ ಕೋಡ್ ಸಂಗ್ರಹ ತಾಣ ಗಿಟ್‌ಹಬ್, ಅಮೆರಿಕದ ಖಜಾನೆ ಇಲಾಖೆಯಿಂದ ಪರವಾನಗಿ ಪಡೆದು 2021ರ ಜನವರಿಯಲ್ಲಿ ಇರಾನಿನವರಿಗೆ ಮತ್ತೆ ಸೇವೆ ತೆರೆಯಿತು. ಕೇಳಿದ್ದರಿಂದ ಸಿಕ್ಕಿತು.

5. ದೇಶದ ಡೊಮೇನನ್ನೇ ಕಿತ್ತುಹಾಕುವ ಬೇಡಿಕೆಗೆ ಕೈಜೋಡಿಸಬೇಡಿ. ರಷ್ಯಾದ ಡೊಮೇನ್ ರದ್ದುಪಡಿಸಿ ಎಂದು ಯುದ್ಧದ ನಡುವೆ ಉಕ್ರೇನ್ ಕೇಳಿದಾಗಲೂ ಡೊಮೇನ್ ಹೆಸರುಗಳ ಮೇಲ್ವಿಚಾರಣಾ ಸಂಸ್ಥೆ ಐಕಾನ್ 2022ರ ಮಾರ್ಚ್‌ನಲ್ಲಿ ಒಪ್ಪಲಿಲ್ಲ. ಅದು ಸರಿ.

6. ಭಾರತ ಸರ್ಕಾರ ಸ್ಪಷ್ಟ ನಿಯಮ ಕೊಡಲಿ. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಬಂಧಗಳನ್ನು ಜಾರಿಗೆ ತರಲು ನಮ್ಮಲ್ಲಿ 1947ರ ಕಾಯ್ದೆಯಿದೆ. ಏಕಪಕ್ಷೀಯ ನಿರ್ಬಂಧಗಳಿಗೆ ಮನ್ನಣೆಯಿಲ್ಲ ಎಂದು ಸರ್ಕಾರ ಹೇಳುತ್ತದೆ. ಆದರೂ ರಷ್ಯಾದ ರೋಸ್‌ನೆಫ್ಟ್ ಪಾಲಿರುವ ಇಲ್ಲಿನ ತೈಲ ಕಂಪನಿ ನಯಾರಾ ಎನರ್ಜಿಯನ್ನು 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟ ಪಟ್ಟಿಗೆ ಸೇರಿಸಿದ ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಯ ಇಮೇಲ್ ಸೇವೆ ನಿಲ್ಲಿಸಿತು. ನಯಾರಾ ದೆಹಲಿ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಸೇವೆ ಮರಳಿತು. ಹೈಕೋರ್ಟಿಗೆ ಹೋಗುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಭಾರತದ ನೆಲದಲ್ಲಿ ಯಾರ ಪಟ್ಟಿ ನಡೆಯುತ್ತದೆ, ದೂರು ಎಲ್ಲಿ ಕೊಡಬೇಕು ಎಂಬ ಸುತ್ತೋಲೆಯನ್ನು ಸಚಿವಾಲಯ ಹೊರಡಿಸಬೇಕು.

7. ನೌಕರನ ತಲೆಗೆ ಕಟ್ಟಬೇಡಿ. ರಾತ್ರಿ ಪಾಳಿಯಲ್ಲಿ ಚಾಟ್‌ನಲ್ಲಿ ಬರುವ ಒಂದು ಸಾಲಿನ ಸೂಚನೆಗೆ ನಾವು ಅಕೌಂಟ್ ಮುಚ್ಚುತ್ತೇವೆ. ಬೆಳಗ್ಗೆ ಗ್ರಾಹಕ ಸಿಟ್ಟಾಗಿ ಫೋನ್ ಮಾಡಿದರೆ ಕೊಡಲು ನಮ್ಮಲ್ಲಿ ಉತ್ತರವಿಲ್ಲ. ಆದೇಶ ಕೊಟ್ಟವರ ಹೆಸರು, ಹುದ್ದೆ, ಕಾರಣ ಇರುವ ಪತ್ರ ಕೈಸೇರುವವರೆಗೆ ಇನ್ನು ಮುಂದೆ ಯಾವ ಅಕೌಂಟನ್ನೂ ನಾವು ಸಸ್ಪೆಂಡ್ ಮಾಡುವುದಿಲ್ಲ. ಹಾಗೆ ನಿರಾಕರಿಸಿದವರ ಮೇಲೆ ಶಿಸ್ತುಕ್ರಮ ಇಲ್ಲವೆಂದು ಆಡಳಿತ ಮಂಡಳಿಗಳು ಬರೆದುಕೊಡಬೇಕು.