ಮದುವೆಯಾದ ಹೆಣ್ಣಿಗೆ ದುಡಿಯುವ ಅಪ್ಪಣೆ

ಮಾಟುಂಗ, ಘಾಟಕೋಪರಗಳ ಕಲ್ಯಾಣಮಂಟಪಗಳಲ್ಲಿ ನಾವು ಮೇಲಿಂದ ಮೇಲೆ ಕೇಳುವ ಮಾತೊಂದುಂಟು: “ವರನು ಕೆನಡಾದಲ್ಲಿದ್ದಾನೆ.” ಇಷ್ಟು ಕಿವಿಗೆ ಬಿದ್ದೊಡನೆ ನಮ್ಮ ಹಿರಿಯರು ಸಂತುಷ್ಟರಾಗುತ್ತಾರೆ. ವರನ ಸಂಬಳವೆಷ್ಟು, ಸ್ವಂತ ಮನೆಯುಂಟೇ, ಜಾತಕ ಕೂಡಿತೇ ಎಂಬುದನ್ನೆಲ್ಲ ವಿಚಾರಿಸುತ್ತಾರೆ. ಆದರೆ ನಮ್ಮ ಹುಡುಗಿಗೆ ಅಲ್ಲಿ ದುಡಿಯುವ ಅಪ್ಪಣೆ ಯಾವಾಗ ದೊರೆಯುವುದೆಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ನಿಶ್ಚಿತಾರ್ಥಕ್ಕೆ ಮೊದಲೇ ಕೇಳತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ನಮ್ಮ ಓದುಗರಲ್ಲಿ ಹೆಚ್ಚಿನವರು ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವವರು. ಹಿಂದಿನ ತಲೆಮಾರಿನವರಲ್ಲಿ ಎಷ್ಟೋ ಮಂದಿ ಉಡುಪಿ, ಕುಂದಾಪುರಗಳಿಂದ ಮುಂಬಯಿಗೆ ಬಂದಿಳಿದ ದಿನವೇ ಲೋಟ ತೊಳೆಯಲು ನಿಂತರು. ಹಗಲು ದುಡಿದು ರಾತ್ರಿಶಾಲೆಯಲ್ಲಿ ಕಲಿತರು. ದುಡಿಯಲು ನಿನಗೆ ಪರವಾನಗಿ ಎಲ್ಲಿ ಎಂದು ಅವರನ್ನು ಯಾರೂ ಕೇಳಲಿಲ್ಲ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ, ಯಾವ ವೃತ್ತಿಯನ್ನಾದರೂ ಕೈಗೊಳ್ಳುವ ಹಕ್ಕನ್ನು ನಮ್ಮ ಸಂವಿಧಾನದ ೧೯ನೆಯ ವಿಧಿಯು ಕೊಟ್ಟಿದೆ. ಇಂತಹ ನಾಡಿನಲ್ಲಿ ಬೆಳೆದ ನಮಗೆ, ಗಂಡನ ಮನೆಯಲ್ಲಿದ್ದೂ ದುಡಿಯಲು ಸರಕಾರದ ಕಾಗದಕ್ಕಾಗಿ ಕಾಯುವ ಸ್ಥಿತಿಯು ಸುಲಭವಾಗಿ ಅರ್ಥವಾಗುವಂಥದಲ್ಲ. ಆದುದರಿಂದ ಕೆನಡಾದ ನಿಯಮವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ.

ಕೆನಡಾದ ನಾಗರಿಕನಾಗಲಿ ಅಲ್ಲಿಯ ಖಾಯಂ ನಿವಾಸಿಯಾಗಲಿ ತನ್ನ ಪತ್ನಿಗೆ ಪ್ರಾಯೋಜಕನಾಗಿ ನಿಂತು ಆಕೆಗೂ ಖಾಯಂ ವಾಸದ ಹಕ್ಕನ್ನು ಬೇಡಬಹುದು. ಪತ್ನಿಯು ಪತಿಗಾಗಿಯೂ ಹಾಗೆಯೇ ಬೇಡಬಹುದು. ಈ ಅರ್ಜಿ ತೀರ್ಮಾನವಾಗಲು ಬಹುಕಾಲ ಹಿಡಿಯುತ್ತದೆ. ೨೦೧೪ರವರೆಗೆ, ದೇಶದೊಳಗಿದ್ದು ಅರ್ಜಿ ಹಾಕಿದವಳೂ ಮೊದಲ ಹಂತದ ಒಪ್ಪಿಗೆ ಬರುವ ತನಕ ಈ ಅರ್ಜಿಯ ಬಲದಿಂದ ದುಡಿಯುವಂತಿರಲಿಲ್ಲ. ಆ ವರ್ಷದ ಡಿಸೆಂಬರ್ ೨೨ರಂದು, ಒಪ್ಪಿಗೆಗೆ ಕಾಯಿಸದೆ ಅಂಥವರಿಗೆ ‘ಓಪನ್ ವರ್ಕ್ ಪರ್ಮಿಟ್’ ಕೊಡುವ ಪ್ರಯೋಗವು ಆರಂಭವಾಯಿತು. ಒಬ್ಬನೇ ಧಣಿಗೆ ಕಟ್ಟುಬೀಳದೆ ಬೇರೆ ಬೇರೆ ಕಡೆ ದುಡಿಯಬಹುದಾದ ಪರವಾನಗಿಯಿದು. ಒಂದು ವರ್ಷಕ್ಕೆಂದು ಹೊರಟ ಪ್ರಯೋಗವು ಮತ್ತೆ ಮತ್ತೆ ಮುಂದುವರಿಯಿತು.

ಆದರೂ ಒಂದು ಇಕ್ಕಟ್ಟು ಉಳಿಯಿತು. ದೇಶದೊಳಗಿನವರ ವರ್ಗದಲ್ಲಿ ಅರ್ಜಿ ಹಾಕಿದವರಿಗೆ ಪರವಾನಗಿ ಸಿಕ್ಕಿತು. ಆದರೆ ಅರ್ಜಿ ತಿರಸ್ಕೃತವಾದರೆ ಅವರ ಪ್ರಾಯೋಜಕರಿಗೆ ವಲಸೆ ನ್ಯಾಯಮಂಡಲಿಯ ಮುಂದೆ ಅಪೀಲಿನ ಹಕ್ಕಿರಲಿಲ್ಲ, ಇಂದಿಗೂ ಇಲ್ಲ. ಹೊರದೇಶದವರ ವರ್ಗದಲ್ಲಿ ಅಪೀಲು ಉಂಟು. ಪರವಾನಗಿ ಮಾತ್ರ ಇರಲಿಲ್ಲ. ೨೦೨೩ರ ಮೇ ೨೬ರಂದು ಪ್ರಕಟವಾದ ಕ್ರಮವು ಈ ಇಕ್ಕಟ್ಟನ್ನು ನೀಗಿಸಿ, ಎರಡು ವರ್ಗದವರಿಗೂ ಪರವಾನಗಿಯ ದಾರಿ ತೆರೆಯಿತು. ಅರ್ಜಿದಾರಳು ಕೆನಡಾದಲ್ಲಿಯೇ ಪ್ರಾಯೋಜಕನೊಡನೆ ವಾಸಿಸುತ್ತಿರಬೇಕು. ಆಕೆಯ ತಾತ್ಕಾಲಿಕ ವಾಸವು ಕ್ರಮಬದ್ಧವಾಗಿರಬೇಕು. ಇದು ಸ್ತುತ್ಯವಾದ ಸುಧಾರಣೆಯೆಂದು ನಾವು ಒಪ್ಪುತ್ತೇವೆ.

ಇಲ್ಲೊಂದು ಗೊಂದಲವನ್ನು ನಿವಾರಿಸಬೇಕು. ೨೦೨೫ರ ಜನವರಿ ೨೧ರಿಂದ ಕೆನಡಾ ಸರಕಾರವು ಪತಿಪತ್ನಿಯರ ಪರವಾನಗಿಯನ್ನು ಬಿಗಿಗೊಳಿಸಿದ್ದು, ಅಲ್ಲಿಗೆ ಓದಲು ಅಥವಾ ತಾತ್ಕಾಲಿಕವಾಗಿ ದುಡಿಯಲು ಹೋದವರ ಸಂಗಾತಿಗಳ ವಿಷಯದಲ್ಲಿ. ವರನು ವಿದ್ಯಾರ್ಥಿಯೋ, ತಾತ್ಕಾಲಿಕ ನೌಕರನೋ, ಖಾಯಂ ನಿವಾಸಿಯೋ ಎಂಬುದರಿಂದಲೇ ಹುಡುಗಿಯ ದಾರಿ ಬೇರೆಯಾಗುತ್ತದೆ. “ಕೆನಡಾದಲ್ಲಿದ್ದಾನೆ” ಎಂಬ ಒಂದು ಮಾತು ಇದಾವುದನ್ನೂ ತಿಳಿಸುವುದಿಲ್ಲ.

ಈ ಅಪ್ಪಣೆಗೆ ಇಷ್ಟೊಂದು ಮಹತ್ವವೇಕೆ? ಅರ್ಜಿಯು ತೀರ್ಮಾನವಾಗುವ ಮೊದಲು ಪತಿಯು ತನ್ನ ಪ್ರಾಯೋಜಕತ್ವವನ್ನು ಹಿಂತೆಗೆದುಕೊಳ್ಳಬಹುದು. ಕೈಯಲ್ಲಿ ಕಾಸಿಲ್ಲದ, ದುಡಿಯಲು ಅಪ್ಪಣೆಯೂ ಇಲ್ಲದ ಹೆಣ್ಣಿಗೆ ಆಗ ಗಂಡನ ಮಾತೇ ಶಾಸನ. ೨೦೧೨ರ ಅಕ್ಟೋಬರ್ ೨೫ರಿಂದ ಜಾರಿಯಲ್ಲಿದ್ದ ನಿಯಮವೊಂದರಂತೆ, ಹೊಸದಾಗಿ ಮದುವೆಯಾಗಿ ಮಕ್ಕಳಿಲ್ಲದ ದಂಪತಿಗಳು ಎರಡು ವರ್ಷ ಕೂಡಿ ಬಾಳದಿದ್ದರೆ ಕೊಟ್ಟ ವಾಸದ ಹಕ್ಕೇ ತಪ್ಪುವ ಭಯವಿತ್ತು. ಪೀಡನೆಗೊಳಗಾದವರಿಗೆ ವಿನಾಯಿತಿಯಿದ್ದರೂ, ಆ ನಿಯಮವು ದುರ್ಬಲರನ್ನು ಕೆಟ್ಟ ಸಂಸಾರದಲ್ಲಿಯೇ ಕಟ್ಟಿಹಾಕುವುದೆಂದು ಮನಗಂಡು, ೨೦೧೭ರ ಏಪ್ರಿಲ್ ೧೮ರಂದು ಸರಕಾರವು ಅದನ್ನು ತೆಗೆದುಹಾಕಿತು. ಶಾಸನವು ಬಿಚ್ಚಿದ ಕಟ್ಟನ್ನು ಬಡತನವು ಮತ್ತೆ ಬಿಗಿಯಬಾರದು.

ಇನ್ನು, ಪರವಾನಗಿಯಿಲ್ಲದೆ ಗುಟ್ಟಾಗಿ ದುಡಿದರಾಯಿತೆಂದು ಹೇಳುವವರೂ ಉಂಟು. ನಮ್ಮ ಹೋಟೆಲು ಕಾರ್ಮಿಕರಿಗೆ ಇದರ ಫಲವನ್ನು ನಾವು ಹೇಳಿಕೊಡಬೇಕಾದ್ದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗನಿಗೆ ಪ್ರಾವಿಡೆಂಟ್ ಫಂಡೂ ಇಲ್ಲ, ಗ್ರಾಚ್ಯುಯಿಟಿಯೂ ಇಲ್ಲ. ಸಂಬಳ ಹಿಡಿದರೆ ದೂರು ಕೊಡುವ ಧೈರ್ಯವೂ ಇಲ್ಲ. ಕಡಲಾಚೆಯ ಅಡಿಗೆಮನೆಗಳಲ್ಲಿಯೂ ಅಪ್ಪಣೆಯಿಲ್ಲದೆ ದುಡಿಯುವವಳ ಪಾಡು ಇದೇ. ಪರವಾನಗಿ ಬಂದ ಮೇಲೆ ದೊರೆಯುವ ಒಂಬತ್ತಂಕಿಯ ಸೋಶಿಯಲ್ ಇನ್ಶೂರೆನ್ಸ್ ಸಂಖ್ಯೆಯೇ ಅಲ್ಲಿಯ ಹಾಜರಿ ಪುಸ್ತಕವೆಂದು ತಿಳಿಯಬೇಕು.

ಹುಸಿ ಮದುವೆಗಳನ್ನು ತಡೆಯುವ ಹೊಣೆ ಯಾವ ಸರಕಾರಕ್ಕೂ ಉಂಟು; ಅದಕ್ಕಾಗಿ ತನಿಖೆ ನಡೆಯಲಿ. ಆದರೆ ತನಿಖೆ ನಡೆಯುವಷ್ಟು ಕಾಲ ಹೆಣ್ಣನ್ನು ನಿರುದ್ಯೋಗದಲ್ಲಿ ಇಡಬೇಕೆಂಬುದಕ್ಕೆ ನ್ಯಾಯವಿಲ್ಲ. ಪರವಾನಗಿ ತಾತ್ಕಾಲಿಕವಾದುದು, ಅರ್ಜಿ ಸುಳ್ಳೆಂದು ತಿಳಿದರೆ ಸರಕಾರವು ಕಳೆದುಕೊಳ್ಳುವುದು ಸ್ವಲ್ಪವೇ. ಅರ್ಜಿ ನಿಜವಾಗಿದ್ದರೆ, ಆಕೆಯು ಕಳೆದುಕೊಂಡ ತಿಂಗಳುಗಳನ್ನು ಯಾರೂ ಹಿಂದಿರುಗಿಸಲಾರರು. ಇದಲ್ಲದೆ, ಈ ದಾರಿ ತೆರೆದಿರುವುದು ಆ ದೇಶದೊಳಗೆ ಕಾಲಿಟ್ಟವರಿಗೆ ಮಾತ್ರ. ಮುಂಬಯಿಯ ಚಾಳಿನಲ್ಲಿ ಕಾಯುವ ನವವಧುವು ಮೊದಲು ಸಂದರ್ಶಕ ವೀಸಾ ಪಡೆಯಬೇಕು. ಖಾಯಂ ನೆಲೆಸುವ ಇಚ್ಛೆಯಿದ್ದ ಮಾತ್ರಕ್ಕೆ ತಾತ್ಕಾಲಿಕ ಪ್ರವೇಶವನ್ನು ನಿರಾಕರಿಸಬಾರದೆಂದು ಅಲ್ಲಿಯ ವಲಸೆ ಕಾನೂನೇ ಹೇಳುತ್ತದೆ. ಆದರೂ ಅವಧಿ ಮುಗಿದಾಗ ಆಕೆ ಹಿಂದಿರುಗುವಳೆಂದು ಅಧಿಕಾರಿಗೆ ನಂಬಿಕೆಯಾಗಬೇಕು. ಗಂಡನಿರುವ ಕಡೆಗೆ ಹೊರಟವಳು ಇದನ್ನು ಹೇಗೆ ರುಜುಪಡಿಸಬೇಕು? ಈ ಬಾಗಿಲು ಇನ್ನೂ ಅಗಲವಾಗಬೇಕೆಂಬುದು ನಮ್ಮ ಬೇಡಿಕೆ.

ಅಲ್ಲಿಯವರೆಗೆ ನಮ್ಮ ಕುಟುಂಬಗಳು ಮಾಡಬಹುದಾದ ಕೆಲವು ಕಾರ್ಯಗಳುಂಟು. ವರನ ವಾಸಸ್ಥಿತಿಯ ಕಾಗದವನ್ನು ಕಣ್ಣಾರೆ ನೋಡಬೇಕು. ಖಾಯಂ ವಾಸದ ಅರ್ಜಿ ತಲುಪಿದುದಕ್ಕೆ ಬರುವ ಸ್ವೀಕೃತಿಪತ್ರದ ಪ್ರತಿಯೊಂದು ಹುಡುಗಿಯ ಬಳಿಯಲ್ಲಿರಬೇಕು. ಪರವಾನಗಿ ಬೇಡಲು ಅದು ಆಧಾರ. ಅರ್ಜಿ ಹಾಕಿದ ಮಾತ್ರಕ್ಕೆ ದುಡಿಯುವ ಹಕ್ಕು ಬರುವುದಿಲ್ಲ. ಸಂದರ್ಶಕಳಾಗಿ ಹೋದವಳು ಪರವಾನಗಿ ಕೈಸೇರುವ ತನಕ ತಾಳಬೇಕು. ವಾಸದ ಅವಧಿ ತೀರುವ ಮೊದಲೇ ಅದನ್ನು ಮುಂದುವರಿಸಲು ಅರ್ಜಿ ಹಾಕಬೇಕು. ಹಣ ಪಡೆದು ಸಲಹೆ ಕೊಡುವವರು ಅಲ್ಲಿಯ ವಕೀಲರೋ, ವಲಸೆ ಸಲಹೆಗಾರರ ಕಾಲೇಜಿನ ಪಟ್ಟಿಯಲ್ಲಿ ಹೆಸರಿರುವವರೋ ಎಂಬುದನ್ನು ಪರೀಕ್ಷಿಸದೆ ದಲ್ಲಾಳಿಗೆ ಒಂದು ರೂಪಾಯಿಯನ್ನೂ ಕೊಡಕೂಡದು. ಗಂಡನ ಮನೆಯಲ್ಲಿ ಹಿಂಸೆಗೊಳಗಾದವಳಿಗೆ ಪ್ರತ್ಯೇಕ ವಾಸದ ಪರವಾನಗಿಯನ್ನೂ ದುಡಿಯುವ ಅಪ್ಪಣೆಯನ್ನೂ ಶುಲ್ಕವಿಲ್ಲದೆ ಬೇಡುವ ಅವಕಾಶವು ೨೦೧೯ರ ಜುಲೈ ೨೬ರಿಂದ ಉಂಟೆಂಬುದನ್ನು ಪ್ರತಿಯೊಬ್ಬ ತಾಯಿಯೂ ಮಗಳಿಗೆ ತಿಳಿಸಿ ಕಳುಹಿಸಬೇಕು.

ಗಲ್ಲೆಯ ಮುಂದೆ ಹತ್ತು ಹನ್ನೆರಡು ತಾಸು ನಿಂತು, ಓವರ್‌ಟೈಮಿನ ಹಣವನ್ನು ಕೂಡಿಸಿ ನಮ್ಮವರು ಹೆಣ್ಣುಮಕ್ಕಳನ್ನು ಪದವೀಧರೆಯರನ್ನಾಗಿ ಮಾಡಿದ್ದಾರೆ. ಆ ವಿದ್ಯೆಯು ಪರದೇಶದ ಮನೆಯೊಂದರ ಕಿಟಕಿಯ ಬಳಿ ಟಪಾಲಿಗಾಗಿ ಕಾದು ಕುಳಿತಿರಬೇಕೆಂದು ಯಾವ ತಂದೆಯೂ ಬಯಸಿರಲಾರ. ಜಾತಕವನ್ನು ಜೋಯಿಸರು ನೋಡಲಿ. ಈ ಕಾಗದವನ್ನು ತಂದೆತಾಯಿಗಳೇ ನೋಡಲಿ.