ಒಲೆಯ ರಿಪೇರಿ: ಮೇಸ್ತ್ರಿಯ ಲೆಕ್ಕ, ಸೌದೆಯ ಲೆಕ್ಕ



ತೋಟಕ್ಕೆ ಗೊಬ್ಬರ ಎಷ್ಟು ಗಾಡಿ ಬಿತ್ತು, ಗೊನೆ ಇಳಿಸಿದವನಿಗೆ ಎಷ್ಟು ಕೊಟ್ಟೆವು, ಸುಲಿದವರಿಗೆ ಎಷ್ಟಾಯಿತು ಎಂಬುದನ್ನು ನಾವೆಲ್ಲರೂ ಬಾಯಿಲೆಕ್ಕದಲ್ಲೇ ಹೇಳಬಲ್ಲೆವು. ಅಡಿಕೆ ಬೇಯಿಸುವ ಒಲೆಗೆ ವರ್ಷಕ್ಕೆ ಎಷ್ಟು ಖರ್ಚು ಎಂದು ಕೇಳಿದರೆ ಮಾತ್ರ ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತೇವೆ. ಒಲೆ ಬಿರುಕು ಬಿಟ್ಟಾಗ ಮೇಸ್ತ್ರಿಗೆ ಕೊಟ್ಟ ಹಣವೊಂದೇ ನಮ್ಮ ಕಣ್ಣಿಗೆ ಖರ್ಚಾಗಿ ಕಾಣುತ್ತದೆ. ರಿಪೇರಿ ಮಾಡಿಸದೆ ಮುಂದೂಡಿದ ದಿನಗಳಲ್ಲಿ ಆ ಒಲೆ ತಿಂದ ಸೌದೆ ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ. ಒಲೆಯ ರಿಪೇರಿಗಿಂತ ರಿಪೇರಿಯಾಗದ ಒಲೆಯೇ ಹೆಚ್ಚು ದುಬಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಲೆಕ್ಕ ಹಾಕೋಣ. ಸುಸ್ಥಿತಿಯಲ್ಲಿರುವ ಒಲೆ ದಿನಕ್ಕೆ 100 ಕೆ.ಜಿ. ಸೌದೆ ಕೇಳುತ್ತದೆ ಎಂದಿಟ್ಟುಕೊಳ್ಳಿ. ಬಾಯಿ ಅಗಲವಾಗಿ, ಹಂಡೆಯ ಸುತ್ತ ಸಂದುಬಿಟ್ಟು ಜ್ವಾಲೆ ಹೊರಗೆ ಹಾಯುತ್ತಿದ್ದರೆ ಅದೇ ಕೆಲಸಕ್ಕೆ 125 ಕೆ.ಜಿ. ಬೇಕಾಗಬಹುದು. ಇಡೀ ಹಂಗಾಮಿನಲ್ಲಿ 40 ದಿನ ಬೇಯಿಸಿದರೆ ಹೆಚ್ಚಾಗಿ ಸುಟ್ಟದ್ದು 1,000 ಕೆ.ಜಿ., ಅಂದರೆ ಒಂದು ಟನ್. ಕೆ.ಜಿ.ಗೆ 5 ರೂಪಾಯಿಯಂತೆ ಹಿಡಿದರೂ 5,000 ರೂಪಾಯಿ ಬೂದಿಯಾಯಿತು. ಇವು ಉದಾಹರಣೆಯ ಅಂಕಿಗಳು. ನಿಮ್ಮ ಮನೆಯ ಅಂಕಿಗಳನ್ನು ಇದೇ ಜಾಗದಲ್ಲಿ ಹಾಕಿ ನೋಡಿರಿ. ಮೇಸ್ತ್ರಿ ಕೇಳಿದ ಹಣ ದುಬಾರಿಯೋ ಅಲ್ಲವೋ ಎಂಬುದು ಆಗ ತಾನೇ ತಿಳಿಯುತ್ತದೆ. ಸ್ವಂತ ತೋಟದ ಸೌದೆ, ಕಾಸು ಕೊಟ್ಟದ್ದಲ್ಲ ಎನ್ನುವವರು ಅದನ್ನು ಕಡಿದು ಸೀಳಿದ ಆಳಿನ ಕೂಲಿಯನ್ನಾದರೂ ಬರೆದುಕೊಳ್ಳಲಿ.

ಹಾಗೆಂದು ಒಲೆ ಹೊಗೆಯಾಡಿದ ಕೂಡಲೇ ಮೇಸ್ತ್ರಿಗೆ ಹೇಳಿಕಳುಹಿಸಬೇಕಾಗಿಲ್ಲ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ಮೊದಲು ನೋಡಬೇಕಾದದ್ದು ಕಾಸು ಖರ್ಚಿಲ್ಲದ ನಾಲ್ಕು ಸಂಗತಿಗಳು. ಬೂದಿ ತುಂಬಿ ಕೆಳಗಿನಿಂದ ಗಾಳಿ ಬರುವುದು ನಿಂತಿದೆಯೇ? ಚಿಮಣಿಯಲ್ಲಿ ಮಸಿ ಕಟ್ಟಿದೆಯೇ? ಹಂಡೆಯ ತಳಕ್ಕೆ ಮಸಿ ದಪ್ಪವಾಗಿ ಹತ್ತಿದೆಯೇ? ಮಸಿಯ ಪದರ ಕಾವನ್ನು ತಡೆಯುವ ಕಂಬಳಿಯಿದ್ದಂತೆ. ಕೊನೆಯದಾಗಿ, ಸೌದೆ ಒಣಗಿದೆಯೇ? ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದುಂಟು. ಒಂದು ಕೆ.ಜಿ. ನೀರನ್ನು ಆವಿ ಮಾಡಲು ಸುಮಾರು 540 ಕಿಲೊ ಕ್ಯಾಲೊರಿ ಶಾಖ ಬೇಕು. ಅಡಿಕೆ ಬೇಯಿಸಬೇಕಾದ ಬೆಂಕಿ ಮೊದಲು ಸೌದೆಯ ನೀರನ್ನು ಕುದಿಸುತ್ತಾ ಕೂರುತ್ತದೆ. ಇಂಥ ಒಲೆಗೆ ಬೇಕಾದದ್ದು ಇಟ್ಟಿಗೆಯಲ್ಲ, ಸೌದೆ ಕೊಟ್ಟಿಗೆಗೆ ಒಂದು ಸೂರು.

ಈ ವಿಷಯದಲ್ಲಿ ನಮ್ಮ ಮದ್ದೂರು, ಮಂಡ್ಯ, ಮಳವಳ್ಳಿ ಸೀಮೆಯ ಆಲೆಮನೆಗಳಿಂದ ಕಲಿಯುವುದು ಬಹಳವಿದೆ. ಕೊಪ್ಪರಿಗೆಯ ಕೆಳಗೆ ಒಣಗಿದ ಕಬ್ಬಿನ ಸಿಪ್ಪೆ ಹಾಕುವ ಅನುಭವಸ್ಥ ಆಳು ಒಲೆಯ ಬಾಯನ್ನಷ್ಟೇ ನೋಡುವುದಿಲ್ಲ, ಚಿಮಣಿಯ ತುದಿಯನ್ನೂ ನೋಡುತ್ತಾನೆ. ಕಪ್ಪು ಹೊಗೆ ಎಂದರೆ ಉರಿಯದೆ ಹಾರಿಹೋಗುತ್ತಿರುವ ಇಂಧನ. ಇಂಧನ ಸಾಲದೆಂದು ಹಳೆಯ ಟೈರು, ಪ್ಲಾಸ್ಟಿಕ್ ತುಂಬಿದ ಆಲೆಮನೆಗಳ ಮಾತನ್ನೂ ನಾವು ಕೇಳಿದ್ದೇವೆ. ಗಾಳಿ ಎಳೆಯದ ಒಲೆಗೆ ಟೈರು ಮದ್ದಲ್ಲ. ಅದು ಆಳಿನ ಶ್ವಾಸಕ್ಕೂ ಊರಿನ ಗಾಳಿಗೂ ಕೇಡು, ಬೆಲ್ಲದ ಹೆಸರಿಗೂ ಕೇಡು.

ಇನ್ನು ಸಣ್ಣ ರಿಪೇರಿ. ಒಲೆಯಲ್ಲಿ ಮೊದಲು ಸೋಲುವುದು ಸೌದೆಯ ಕೆಳಗಿರುವ ಕಬ್ಬಿಣದ ಜಾಲರಿ. ಸಾಮಾನ್ಯ ಕಂಬಿ ಕೆಂಪಗೆ ಕಾದು ಕಾದು ಬಾಗುತ್ತದೆ; ಎರಕದ ಕಬ್ಬಿಣದ್ದು ಬೆಲೆ ಹೆಚ್ಚಾದರೂ ಹೆಚ್ಚು ಕಾಲ ನಿಲ್ಲುತ್ತದೆ. ಜಾಲರಿ ಬದಲಿಸಲು ಒಲೆ ಒಡೆಯಬೇಕಾಗಿಲ್ಲ. ಎರಡನೆಯದು ಒಳಮೈಯ ಮೆತ್ತುಗೆ. ಇಲ್ಲಿ ಅನೇಕರು ಗಟ್ಟಿಯಾಗಿರಲೆಂದು ಸಿಮೆಂಟು ಬಳಿಸುತ್ತಾರೆ. ಮನೆಯ ಗೋಡೆಗೆ ಸರಿಯಾದ ಸಿಮೆಂಟು ಬೆಂಕಿಯ ಗೂಡಿಗೆ ಸರಿಯಲ್ಲ. ಶಾಖ 400-500 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅದರ ಬಂಧ ಸಡಿಲವಾಗಿ, ಬಿರಿದು ಉದುರುತ್ತದೆ. ನಮ್ಮ ಹಿರಿಯರು ಹುತ್ತದ ಮಣ್ಣಿಗೆ ಮರಳು, ಭತ್ತದ ಹೊಟ್ಟು ಕಲಸಿ ಮೆತ್ತುತ್ತಿದ್ದುದು ಬಡತನಕ್ಕಲ್ಲ, ತಿಳಿವಳಿಕೆಯಿಂದ. ಜ್ವಾಲೆ ನೇರವಾಗಿ ಬಡಿಯುವ ಜಾಗಕ್ಕೆ ಮಾತ್ರ ಬೆಂಕಿ ಇಟ್ಟಿಗೆ ತಂದರೆ ಸಾಕು. ಉಳಿದ ಗೋಡೆಗೆ ನಾಡ ಇಟ್ಟಿಗೆಯೇ ಆದೀತು.

ದೊಡ್ಡ ರಿಪೇರಿಯ ಮಾತು ಬಂದಾಗ ‘ಒಟ್ಟು ಇಷ್ಟು’ ಎಂಬ ಒಂದೇ ಮಾತಿಗೆ ಒಪ್ಪಬೇಡಿರಿ. ಒಡೆಯುವ ಕೂಲಿ, ಇಟ್ಟಿಗೆ, ಮಣ್ಣು-ಮರಳು, ಜಾಲರಿ, ಚಿಮಣಿ ಕೊಳವೆ, ಕಟ್ಟುವ ಕೂಲಿ ಇಷ್ಟನ್ನೂ ಬೇರೆ ಬೇರೆಯಾಗಿ ಚೀಟಿಯಲ್ಲಿ ಬರೆಸಿಕೊಳ್ಳಿರಿ. ಹಳೆಯ ಇಟ್ಟಿಗೆಯಲ್ಲಿ ಗಟ್ಟಿ ಇರುವುದನ್ನು ಮತ್ತೆ ಬಳಸುವುದೇ ಎಂದು ಮೊದಲೇ ಕೇಳಿರಿ. ಕೂಲಿಯ ಒಂದು ಪಾಲನ್ನು ಮೊದಲ ಬೇಯಿಸುವಿಕೆ ನೋಡಿದ ಮೇಲೆ ಕೊಡುವ ಮಾತಾಗಲಿ. ಒಳ್ಳೆಯ ಮೇಸ್ತ್ರಿ ಇದಕ್ಕೆ ಬೇಸರಪಡುವುದಿಲ್ಲ. ತನ್ನ ಕೈಕೆಲಸದ ಮೇಲೆ ನಂಬಿಕೆಯಿರುವವನಿಗೆ ಉರಿಯುವ ಒಲೆಯೇ ಸಾಕ್ಷಿ. ಅವನ ಕೂಲಿಯಲ್ಲಿ ಚೌಕಾಸಿ ಮಾಡಿ ಸಾಮಾನಿನಲ್ಲಿ ಮೋಸಹೋಗುವುದು ಜಾಣತನವಲ್ಲ.

ಕಾಲವನ್ನೂ ನೋಡಬೇಕು. ಮಳೆಗಾಲದಲ್ಲಿ ಇಟ್ಟಿಗೆ ಗೂಡುಗಳು ನಿಲ್ಲುತ್ತವೆ, ಇದ್ದ ಇಟ್ಟಿಗೆಗೆ ಬೆಲೆ ಏರುತ್ತದೆ. ಹೊಸ ಒಲೆ ನೆರಳಿನಲ್ಲಿ ಆರಬೇಕು, ಆಮೇಲೆ ಸಣ್ಣ ಉರಿಯಲ್ಲಿ ಕೆಲವು ದಿನ ಕಾಯಬೇಕು. ಹಸಿ ಗೋಡೆಗೆ ಒಮ್ಮೆಲೇ ದೊಡ್ಡ ಉರಿ ಹಾಕಿದರೆ ಒಳಗಿನ ನೀರು ಆವಿಯಾಗಿ ಮೊದಲ ದಿನವೇ ಬಿರುಕು ಬೀಳುತ್ತದೆ. ಸುಲಿದ ಅಡಿಕೆ ಕಾಯುವುದಿಲ್ಲ. ಆದ್ದರಿಂದ ಇಟ್ಟಿಗೆ ಬೇಸಿಗೆಯಲ್ಲಿ ಬರಲಿ, ಕೆಲಸ ಮೊದಲ ಕೊಯ್ಲಿಗೆ ಒಂದು ತಿಂಗಳ ಮುಂಚೆಯೇ ಮುಗಿಯಲಿ.

ಲೆಕ್ಕ ಹಾಕದೆ, ತಡಮಾಡದೆ ಮಾಡಿಸಬೇಕಾದ ರಿಪೇರಿಗಳು ಎರಡಿವೆ. ಒಂದು, ಹಂಡೆ ಕೂರುವ ಅಂಚು ಕುಸಿದದ್ದು ಅಥವಾ ಗೋಡೆ ವಾಲಿದ್ದು. ಕುದಿಯುವ ಚೊಗರು ತುಂಬಿದ ಹಂಡೆ ಮಗುಚಿಕೊಂಡರೆ ಹತ್ತಿರ ನಿಂತವರು ನಮ್ಮ ಆಳೋ ನಮ್ಮ ಮನೆಯ ಹೆಣ್ಣುಮಕ್ಕಳೋ ಆಗಿರುತ್ತಾರೆ. ಇಂಥ ಒಲೆಗೆ ತೇಪೆ ಸಲ್ಲದು, ಕಿತ್ತು ಕಟ್ಟಿಸುವುದೇ ಸರಿ. ಎರಡನೆಯದು ಮನೆಯ ಬಚ್ಚಲೊಲೆ; ಇದು ಕಾಫಿ ಬೆಳೆಯುವ ಸದಸ್ಯರಿಗೂ ಸೇರಿದ ಮಾತು. ಹಂಡೆಯ ಸುತ್ತ ಬಿರುಕು ಬಿಟ್ಟು, ಚಿಮಣಿ ಕಟ್ಟಿಕೊಂಡು, ಚಳಿಗೆಂದು ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅನಿಲ ತುಂಬಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬಂದು ಮನುಷ್ಯ ಕುಸಿಯುತ್ತಾನೆ, ಪ್ರಾಣವೇ ಹೋದೀತು. ಮುಚ್ಚಿದ ಕೋಣೆಯಲ್ಲಿ ರಾತ್ರಿಯೆಲ್ಲ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗುವುದರಲ್ಲೂ ಇದೇ ಅಪಾಯವಿದೆ.

ಹೊಸ ಒಲೆ ಕಟ್ಟಿಸಿದರೆ ರಿಪೇರಿಯ ತಾಪತ್ರಯವೇ ಇಲ್ಲ ಎಂದುಕೊಂಡವರಿಗೆ ಹತ್ತಿರದ ಒಂದು ನಿದರ್ಶನ ಹೇಳುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ‘ಅಸ್ತ್ರ’ ಕೇಂದ್ರವನ್ನು ಆರಂಭಿಸಿದರು. ನಮ್ಮ ನೆರೆಯ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಗ್ರಾಮೀಣ ಪ್ರಯೋಗ ಕೇಂದ್ರವಿತ್ತು. ಅಲ್ಲಿಯ ವಿಜ್ಞಾನಿಗಳು ರೂಪಿಸಿದ ಅಸ್ತ್ರ ಒಲೆ ಮುಚ್ಚಿದ ಬೆಂಕಿಗೂಡು, ಕೆಳಗೆ ಜಾಲರಿ, ಮೇಲೆ ಚಿಮಣಿ ಎಂಬ ಸರಳ ತತ್ತ್ವದಿಂದಲೇ ಬಹಳಷ್ಟು ಸೌದೆ ಉಳಿಸಿತು. 1980ರ ದಶಕದಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಸುಧಾರಿತ ಒಲೆ ಯೋಜನೆಯಲ್ಲಿ ಇಂಥ ಒಲೆಗಳು ಊರೂರಿಗೆ ಬಂದವು. ಆ ಯೋಜನೆ 2002ರಲ್ಲಿ ನಿಂತಿತು. ಕಟ್ಟುವುದಕ್ಕೆ ಸಹಾಯಧನವಿತ್ತು, ಮಸಿ ತೆಗೆಯುವುದನ್ನು, ಜಾಲರಿ ಬದಲಿಸುವುದನ್ನು ವಿಚಾರಿಸುವವರು ಕಡಿಮೆ. ಎಷ್ಟೋ ಮನೆಗಳಲ್ಲಿ ಒಳ್ಳೆಯ ಒಲೆಗಳೇ ಮೂಲೆ ಸೇರಿದವು. ಕಟ್ಟಿದ ಒಲೆಯನ್ನು ಸಾಕಬೇಕು, ಹಸುವನ್ನು ಸಾಕಿದಂತೆ.

ಇಲ್ಲಿಯೇ ಸಹಕಾರಿ ಸಂಘದ ಕೆಲಸವಿದೆ ಎಂದು ನಾನು ಭಾವಿಸುತ್ತೇನೆ. ಗೊಬ್ಬರ, ಮೈಲುತುತ್ತವನ್ನು ಒಟ್ಟಿಗೆ ತರಿಸುವ ನಾವು ಎರಕದ ಜಾಲರಿ, ಚಿಮಣಿ ಕೊಳವೆ, ಬೆಂಕಿ ಇಟ್ಟಿಗೆಗಳನ್ನೂ ಒಟ್ಟಿಗೆ ತರಿಸಿ ಹಂಚಬಹುದು. ಒಲೆಯ ಕೆಲಸ ಬಲ್ಲ ಮೇಸ್ತ್ರಿಗೆ ಹತ್ತು ಮನೆಯ ಕೆಲಸ ಒಟ್ಟಿಗೆ ಸಿಕ್ಕರೆ ಅವನಿಗೂ ಲಾಭ, ನಮಗೂ ದರದಲ್ಲಿ ಅನುಕೂಲ. ಎರಡು ಎಕರೆಯ ಸದಸ್ಯರು ಇಬ್ಬರು ಮೂವರು ಸೇರಿ ಒಂದೇ ಒಲೆಯನ್ನು ಸರದಿಯಂತೆ ಬಳಸಿ ರಿಪೇರಿಯನ್ನು ಹಂಚಿಕೊಳ್ಳುವುದೂ ಆಗದ ಮಾತೇನಲ್ಲ. ತೋಟವನ್ನು ಗುತ್ತಿಗೆಗೆ ಕೊಡುವವರು ಒಲೆಯ ದುರಸ್ತಿ ಯಾರ ಪಾಲಿಗೆ ಎಂಬುದನ್ನು ಕರಾರಿನಲ್ಲೇ ಬರೆಸಲಿ. ಬರೆಯದೆ ಬಿಟ್ಟದ್ದು ಕೊಯ್ಲಿನ ಮಧ್ಯೆ ಜಗಳವಾಗುತ್ತದೆ.

ಸದಸ್ಯರು ಈ ಹಂಗಾಮಿನಲ್ಲಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿಯಾದರೂ ದಿನಕ್ಕೆ ಎಷ್ಟು ಸೌದೆ, ಎಷ್ಟು ಹಂಡೆ ಅಡಿಕೆ ಎಂದು ಗುರುತು ಹಾಕಿಕೊಳ್ಳಬೇಕೆಂದು ಕೋರುತ್ತೇನೆ. ಆ ಗುರುತುಗಳನ್ನು ಸಂಘದ ಸಭೆಗೆ ತನ್ನಿರಿ. ಮುಂದಿನ ವರ್ಷ ಯಾವ ಒಲೆಗೆ ಮಣ್ಣು ಸಾಕು, ಯಾವುದಕ್ಕೆ ಇಟ್ಟಿಗೆ ಬೇಕು ಎಂಬುದನ್ನು ಅವುಗಳ ಮೇಲೆಯೇ ತೀರ್ಮಾನಿಸೋಣ.